ಹನ್ನೆರಡು ಸಮಪಾಲು

ಆರನೆಯ ತಂತಿ ಏರಿಸುವ ಹೊತ್ತಿಗೆ ಮುಂಡಪ್ಪನ ಹೊಟ್ಟೆ ಕೆಟ್ಟಿತ್ತು. ಭಾನುವಾರ, ಗಂಟೆ ಇನ್ನೂ ಎಂಟಾಗಿರಲಿಲ್ಲ. ಆಗಲೇ ಎರಡು ಸಲ ಚೆಂಬು ಹಿಡಿದುಕೊಂಡು ಗುಡ್ಡೆಯ ಕಡೆಗೆ ಹೋಗಿ ಬಂದಿದ್ದ. ಅತ್ತೆ ನೀಲಾವತಿ ಜಗಲಿಯಲ್ಲಿ ವೀಳ್ಯ ಮೆಲ್ಲುತ್ತ ಎರಡೂ ಸಲ ಅವನನ್ನು ನೋಡಿದ್ದಳು; ಎರಡನೆಯ ಸಲ ಲೆಕ್ಕ ಇಟ್ಟ ಹಾಗೆ ಕಾಣಿಸಿತು. ನಲವತ್ತಮೂರು ವರ್ಷದ ಗಂಡಸು, ಮೂಡಬಿದ್ರೆಯ ಶಾಲೆಯಲ್ಲಿ ಮರಗೆಲಸ ಮತ್ತು ಚಿತ್ರಕಲೆಯ ಮೇಷ್ಟ್ರು, ಹೆಂಡತಿಯ ಮನೆಯ ಭತ್ತ ತುಂಬುವ ಕೋಣೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ತಾನೇ ಹನ್ನೊಂದು ತಿಂಗಳು ಕೊಯ್ದು ಕೆತ್ತಿ ಉಜ್ಜಿದ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮದುವೆಯ ದಿನವೂ ಬೆವರದಷ್ಟು ಬೆವರುತ್ತಿದ್ದ. ತಂತಿಗಳನ್ನು ಮಂಗಳೂರಿನಿಂದ ತಂದುಕೊಟ್ಟವನು ಬಸ್ಸಿನ ಕಂಡಕ್ಟರ್ ಅಬ್ದುಲ್ ಸಮದ್. ಕಾಗದದ ಲಕೋಟೆಯನ್ನು ಕೈಗಿಡುತ್ತ ಅವನು, ಇಷ್ಟು ಸಪೂರ ತಂತಿಯಲ್ಲಿ ಯಾವ ಮೀನು ಹಿಡಿಯುತ್ತೀರಿ ಮೇಷ್ಟ್ರೇ ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ವಿಚಾರಿಸಿದ್ದ. ಬಸ್ಸು ನಕ್ಕಿತ್ತು. ಮುಂಡಪ್ಪನೂ ನಕ್ಕಿದ್ದ, ಯಾಕೆಂದರೆ ಆ ಬಸ್ಸಿನಲ್ಲಿ ಅವನು ದಿನವೂ ಹೋಗಿಬರಬೇಕಿತ್ತು. ಈಗ ಹನ್ನೊಂದು ಗಂಟೆಯ ಬಸ್ಸಿಗೆ ಭೋಜ ಬರುತ್ತಾನೆ. ಅಷ್ಟರೊಳಗೆ ಈ ಮರದ ಡಬ್ಬಿ ಬಾಯಿ ಬಿಡಬೇಕು.

ಭೋಜ ಹೆಂಡತಿಯ ಅಣ್ಣ, ಈ ಮನೆಯ ಯಜಮಾನ, ಬೊಂಬಾಯಿಯಲ್ಲಿ ಹೋಟೆಲು ಇಟ್ಟವನು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಅಳಿಯಸಂತಾನದ ಮನೆಗಳಲ್ಲಿ ಮನೆಮಗಳ ಗಂಡನೆಂದರೆ ಊಟದ ಹೊತ್ತಿಗೆ ಸರಿಯಾಗಿ ಬರುವ ಒಬ್ಬ ನೆಂಟ. ಮುಂಡಪ್ಪ ಹದಿನಾಲ್ಕು ವರ್ಷಗಳಿಂದ ಹಾಗೆ ಬಂದು ಹಾಗೆಯೇ ಉಳಿದುಬಿಟ್ಟ ನೆಂಟ. ಶಾಲೆಗೆ ಹತ್ತಿರವೆಂಬ ಕಾರಣಕ್ಕೆ ಇಲ್ಲಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಿದ್ದ. ಎಲ್ಲರೂ ಹೌದು ಹೌದು ಎನ್ನುತ್ತಿದ್ದರು, ಶಾಲೆ ಎರಡೂವರೆ ಮೈಲು ದೂರವಿದ್ದರೂ. ಕಳೆದ ವರ್ಷ ಬಂಟ್ವಾಳದಲ್ಲಿ ಕಾಂತಿಯ ಮದುವೆ, ಹೆಂಡತಿಯ ಚಿಕ್ಕಮ್ಮನ ಮಗಳು. ಭೋಜ ಬೊಂಬಾಯಿಯಿಂದ ಗಿಟಾರು ತಂದಿದ್ದ. ಚಪ್ಪರದಡಿ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಅವನು ಅದನ್ನು ಬಡಿಯುತ್ತಿದ್ದರೆ ಹೆಂಗಸರು ಅಡುಗೆ ಬಿಟ್ಟು ಬಂದು ನಿಂತಿದ್ದರು. ಮುಂಡಪ್ಪನ ಕಣ್ಣು ಮಾತ್ರ ಬೇರೆಯದನ್ನೇ ನೋಡುತ್ತಿತ್ತು: ಆ ಪಕ್ಕೆಯ ಹಲಗೆಯನ್ನು ಹೇಗೆ ಬಗ್ಗಿಸಿದರು, ಬಾಯಿಯ ಸುತ್ತ ಆ ಸಣ್ಣ ಚೂರುಗಳನ್ನು ಯಾವ ಅಂಟಿನಲ್ಲಿ ಕೂಡಿಸಿದರು, ಬೆನ್ನಿನ ಎರಡು ಹಲಗೆ ಸೇರಿದ ಗೆರೆ ಯಾಕೆ ಕಾಣಿಸುವುದಿಲ್ಲ. ಕೈ ತನ್ನಷ್ಟಕ್ಕೆ ಮುಂದೆ ಹೋಯಿತು. ಭೋಜ ಬಾರಿಸುವುದನ್ನು ನಿಲ್ಲಿಸಿ, ಮುಟ್ಟಬೇಡಿ ಭಾವ, ಇದು ನಿಮ್ಮ ಬೆಂಚು ಡೆಸ್ಕಿನ ಹಾಗೆ ಅಲ್ಲ ಎಂದ. ಮೆತ್ತಗೆಯೇ ಹೇಳಿದ. ಆದರೆ ಗಿಟಾರು ನಿಂತಿದ್ದರಿಂದ ಎಲ್ಲರಿಗೂ ಕೇಳಿಸಿತು. ಮುಂಡಪ್ಪ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಅದರ ಬದಲು ಗಾಳಿಯಲ್ಲೇ ಬಿಟ್ಟು, ಇಂಥದ್ದು ನಾನೇ ಒಂದು ಮಾಡ್ತೇನೆ ಎಂದುಬಿಟ್ಟ. ನೂರಾರು ಜನ ಪಾಯಸಕ್ಕೆ ಕಾಯುತ್ತಿದ್ದ ಚಪ್ಪರ. ಹಾಗೆ ಹೇಳಿ ತಿರುಗಿ ನೋಡಿದಾಗ ಹೆಂಡತಿ ಶಶಿಪ್ರಭಾ ನೆಲ ನೋಡುತ್ತಿದ್ದಳು. ಅವಳಿಗೆ ನಾಚಿಕೆಯಾಗಿದೆ ಎಂದು ಅವನು ಆಗಲೇ ತೀರ್ಮಾನಿಸಿದ. ಆ ತೀರ್ಮಾನವನ್ನು ಹನ್ನೊಂದು ತಿಂಗಳು ಒಳಗೆ ಇಟ್ಟುಕೊಂಡು ತಿರುಗಿದ. ರಾತ್ರಿ ಅವಳು ಆ ಕಡೆ ಮಗ್ಗುಲಾದರೆ ಅದೂ ಅದಕ್ಕೇ, ಸಾರಿಗೆ ಉಪ್ಪು ಕಡಿಮೆಯಾದರೆ ಅದೂ ಅದಕ್ಕೇ.

ತಂತಿ ಕಿರ್ರೆಂದು ಬಿರಡೆಗೆ ಸುತ್ತಿಕೊಂಡಿತು. ತುಂಡಾದರೆ ಇನ್ನೊಂದು ಇಲ್ಲ. ಅವನು ಉಸಿರು ಹಿಡಿದು ಇನ್ನರ್ಧ ಸುತ್ತು ತಿರುಗಿಸಿದ. ಬೆನ್ನಿನ ಹಲಗೆ ತಡೆಯುತ್ತದೆ, ಅದರ ಬಗ್ಗೆ ಅನುಮಾನವಿಲ್ಲ. ಮೂವತ್ತು ವರ್ಷ ಮೇಷ್ಟ್ರುಗಳ ಏಟು ತಿಂದ ಹೆಬ್ಬಲಸು ಅದು. ಮೂರನೇ ಕ್ಲಾಸಿನ ಹಳೆಯ ಬೋರ್ಡು. ಕಪ್ಪು ಬಣ್ಣ ಎದ್ದುಹೋಗಿದೆ, ಬಳಿದು ಕೊಡಿ ಎಂದು ಹೆಡ್ಮಾಸ್ಟರ್ ನಿತ್ಯಾನಂದರು ಅವನ ಮರಗೆಲಸದ ಕೋಣೆಗೆ ಕಳಿಸಿದ್ದರು. ಅದನ್ನು ಒಂದು ಕಡೆ ಉಜ್ಜಿ ನೋಡಿದಾಗ ಒಳಗೆ ಜೇನು ಬಣ್ಣದ ಮರ, ಒಂದು ಗಂಟಿಲ್ಲ. ಬೆರಳಿನಲ್ಲಿ ಬಡಿದರೆ ಕಂಚಿನ ಹಾಗೆ ಸದ್ದು. ಮಾರನೆಯ ದಿನ ಅವನು ಹೆಡ್ಮಾಸ್ಟರರ ಎದುರು ನಿಂತು, ಸಾರ್, ಅದಕ್ಕೆ ಪೂರಾ ಗೆದ್ದಲು ಹಿಡಿದಿದೆ ಎಂದ. ಅವರು ಅಯ್ಯೋ ಎಂದು ಕನ್ನಡಕ ಒರೆಸಿಕೊಂಡರು. ಅವರು ಒಂದು ಮಾತು ಜಾಸ್ತಿ ಕೇಳಿದ್ದರೂ ಅವನು ಒಪ್ಪಿಕೊಂಡುಬಿಡುತ್ತಿದ್ದ. ಅವರು ಕೇಳಲಿಲ್ಲ, ಬದಲಿಗೆ ಮುಂಡಪ್ಪನಂಥ ಪ್ರಾಮಾಣಿಕರು ಇರುವುದರಿಂದ ಶಾಲೆ ನಡೆಯುತ್ತದೆ ಎಂದರು. ಮೂರನೇ ಕ್ಲಾಸಿಗೆ ಈಗ ಗೋಡೆಗೆ ಮಸಿ ಬಳಿದಿದ್ದಾರೆ. ಮಕ್ಕಳು ಗೋಡೆಯಲ್ಲೇ ಕೂಡುತ್ತಾರೆ, ಗೋಡೆಯಲ್ಲೇ ಕಳೆಯುತ್ತಾರೆ. ಬೋರ್ಡಿನ ಹಿಂಬದಿಯಲ್ಲಿ ಕಾಪಿ ಬರೆಸಲು ಬಿಳಿ ಪೇಂಟಿನಲ್ಲಿ ಎಳೆದ ನಾಲ್ಕು ಗೆರೆಗಳಿದ್ದವು. ಎಷ್ಟು ಕೀಸಿದರೂ ಅವು ಹೋಗಲಿಲ್ಲ. ಇನ್ನೂ ಕೀಸಿದರೆ ಹಲಗೆ ಹಪ್ಪಳವಾಗುತ್ತಿತ್ತು. ಆ ಮುಖವನ್ನು ಒಳಗೆ ಮಾಡಿ ಅಂಟಿಸಿದ. ಈಗ ಗಿಟಾರಿನ ಬಾಯಿಯಿಂದ ಒಳಗೆ ಇಣುಕಿದರೆ ಕತ್ತಲಲ್ಲಿ ನಾಲ್ಕು ಬಿಳಿ ಗೆರೆ, ಯಾರಾದರೂ ಬಂದು ದುಂಡಗೆ ಅ ಆ ಬರೆಯಲಿ ಎಂದು ಕಾಯುವ ಹಾಗೆ.

ಅಂಟಿನದ್ದು ಇನ್ನೊಂದು ರಾಮಾಯಣ. ಎಲುಬು ಚರ್ಮ ಬೇಯಿಸಿ ಮಾಡಿದ ಆ ಅಂಟನ್ನು ಬಿಸಿನೀರಿನಲ್ಲಿಟ್ಟು ಕರಗಿಸಿದರೆ ಮನೆಯಿಡೀ ಸತ್ತ ಹೆಗ್ಗಣದ ವಾಸನೆ. ನೀಲಾವತಿ ಮೂಗಿಗೆ ಸೆರಗು ಹಿಡಿದು ಬಂದು, ಇದು ಯಾವ ಪ್ರಾಣಿಯದ್ದು ಎಂದು ಕೇಳಿದ್ದಳು. ಚಾವಡಿಯಲ್ಲಿ ಮನೆದೈವ ಕೂರುವ ಮಂಚ ಇರುವ ಮನೆ, ಪ್ರಶ್ನೆ ನ್ಯಾಯವಾದದ್ದೇ. ಮುಂಡಪ್ಪ ಬಹಳ ಯೋಚಿಸಿ, ಕುರಿಯದ್ದು ಎಂದ. ಕುರಿಯ ಮುಖ ನೋಡಿ ಅಂಟು ಕೊಂಡವನ ಹಾಗೆ ಹೇಳಿದ. ಅದೇ ಬೋರ್ಡಿನಿಂದ ಸೀಳಿದ ಪಕ್ಕೆಯ ಹಲಗೆಗಳನ್ನು ಬಗ್ಗಿಸಲು ಭತ್ತ ಬೇಯಿಸುವ ಹಂಡೆಯಲ್ಲಿ ಕುದಿಸಿದ; ಆ ತಿಂಗಳಿಡೀ ಗಂಜಿಗೆ ಶಾಲೆಯ ರುಚಿ. ಪಾಲಿಶಿಗೆ ಸ್ಪಿರಿಟ್ ಬೇಕಿತ್ತು. ಜಿಲ್ಲೆಯಲ್ಲಿ ಪಾನನಿರೋಧ ಇದ್ದ ಕಾಲ. ಬಾಟಲಿಯನ್ನು ಉಟ್ಟ ಮುಂಡಿನ ಮಡಿಕೆಯಲ್ಲಿ ಅಡಗಿಸಿ ತರುತ್ತಿದ್ದವನನ್ನು ಕಂಡವರು ಕಾಣದವರಿಗೆ ಹೇಳಿದರು. ಅರಗು ಸ್ಪಿರಿಟ್ ಕಲಸಿ ದಿನಕ್ಕೊಂದು ಕೈಯಂತೆ ಬಟ್ಟೆಯ ಉಂಡೆಯಿಂದ ತಿಕ್ಕುತ್ತ ಸಂಜೆ ಹೊತ್ತು ಕೆಂಪು ಕಣ್ಣು ಮಾಡಿಕೊಂಡು ಹೊರಬರುತ್ತಿದ್ದರೆ, ಬಾವಿಕಟ್ಟೆಯ ಹೆಂಗಸರು ಶಶಿಪ್ರಭಾಳನ್ನು ಕನಿಕರದಿಂದ ಮಾತಾಡಿಸುತ್ತಿದ್ದರು. ಅವಳು ಏನು ಉತ್ತರ ಕೊಟ್ಟಳೆಂದು ಅವನು ಕೇಳಲಿಲ್ಲ. ಒಮ್ಮೆ ಅವಳು ಕಾಫಿ ಇಟ್ಟು ಬಾಗಿಲಲ್ಲೇ ನಿಂತು ನೋಡುತ್ತಿದ್ದಾಗ, ಬೆಳಕು ಅಡ್ಡ ಆಗ್ತದೆ ಎಂದು ಕಳಿಸಿಬಿಟ್ಟಿದ್ದ.

ಆರೂ ತಂತಿ ನಿಂತವು. ಮುಂಡಪ್ಪ ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಒಂದೇ ಸಲ ಎಳೆದ. ಸದ್ದು ಎದ್ದು ಕೋಣೆಯ ತುಂಬ ನಿಂತುಕೊಂಡಿತು. ಅಷ್ಟು ದೊಡ್ಡ ಸದ್ದನ್ನು ಅವನು ನಿರೀಕ್ಷಿಸಿರಲಿಲ್ಲ. ಹೊಟ್ಟೆಗೆ ಒತ್ತಿ ಹಿಡಿದಿದ್ದ ಹಲಗೆ ನಡುಗಿ, ಆ ನಡುಕ ಅವನ ಪಕ್ಕೆಲುಬಿಗೆ ಬಂತು. ಮುಂಡಪ್ಪನಿಗೆ ಅಳು ಬಂತು. ಯಾರೂ ಇಲ್ಲವೆಂದು ನೋಡಿಕೊಂಡು ಸ್ವಲ್ಪ ಅತ್ತ. ತನ್ನ ಜೀವಮಾನದಲ್ಲಿ ಮಾಡಿದ ಬೆಂಚು, ಡೆಸ್ಕು, ಸ್ಟೂಲು, ಇನ್‌ಸ್ಪೆಕ್ಟರು ಬಂದಾಗ ತೋರಿಸುವ ಪೆನ್ಸಿಲ್ ಪೆಟ್ಟಿಗೆ, ಇವು ಯಾವುವೂ ಅವನಿಗೆ ತಿರುಗಿ ಮಾತಾಡಿರಲಿಲ್ಲ. ಹೊಟ್ಟೆನೋವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಒಂಬತ್ತು ಗಂಟೆಗೆ ಪದ್ಮಯ್ಯ ಸೈಕಲ್ಲಿನ ಕ್ಯಾರಿಯರಿಗೆ ಹಾರ್ಮೋನಿಯಂ ಕಟ್ಟಿಕೊಂಡು ಬಂದ. ಅದೇ ಶಾಲೆಯ ಕನ್ನಡ ಮೇಷ್ಟ್ರು, ಬಸದಿಯ ಹತ್ತಿರದ ಮನೆ, ಊರಿನ ನಾಟಕಗಳಿಗೆಲ್ಲ ಹಾರ್ಮೋನಿಯಂ ಅವನದ್ದೇ. ಶ್ರುತಿ ಕೂಡಿಸಿಕೊಡಲು ಬಂದಿದ್ದ. ಬಂಟ್ವಾಳದ ಇಗರ್ಜಿಯ ಬ್ಯಾಂಡಿನವನೊಬ್ಬ ಆರು ತಂತಿಗಳ ಸ್ವರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿದ್ದ ಚೀಟಿಯನ್ನು ಓದಿ, ಪದ್ಮಯ್ಯ ಸಂತೋಷದಿಂದ, ಆರೂ ಬಿಳಿ ಮನೆಯವೇ ಮಾರಾಯ ಎಂದ. ಹಾರ್ಮೋನಿಯಮ್ಮಿನ ಪಟ್ಟಿಗಳಿಗೆ ಅವರು ಮನೆ ಎನ್ನುತ್ತಿದ್ದರು. ಬಿಳಿ ಒಂದು, ಕಪ್ಪು ಎರಡು ಎಂದು ಭಾಗವತರು ಶ್ರುತಿ ಹೇಳುವುದೂ ಹಾಗೆಯೇ. ಈ ಮನೆಗಳ ಮೇಲೆಯೇ ಮುಂಡಪ್ಪನ ಗಿಟಾರಿನ ಇಡೀ ಕತ್ತು ನಿಂತಿತ್ತು. ಆರು ತಿಂಗಳ ಹಿಂದೆ, ಬೆರಳು ಒತ್ತುವ ಮೆಟ್ಟಿಲುಗಳನ್ನು ಎಲ್ಲೆಲ್ಲಿ ಕೂರಿಸಬೇಕೆಂದು ತಿಳಿಯದೆ ಅವನು ಪದ್ಮಯ್ಯನ ಮನೆಗೆ ಹೋಗಿದ್ದ. ಪದ್ಮಯ್ಯ ಏಳು ಬಿಳಿ ಐದು ಕಪ್ಪು ಎಣಿಸಿ ತೋರಿಸಿ, ಷಡ್ಜದಿಂದ ಮೇಲಿನ ಷಡ್ಜಕ್ಕೆ ಹನ್ನೆರಡು ಮನೆ, ಒಂದರಿಂದ ಒಂದಕ್ಕೆ ಸಮಾನ ಅಂತರ, ತಂತಿಯ ಅರ್ಧಕ್ಕೆ ಬಂದರೆ ಮೇಲಿನ ಷಡ್ಜ ಎಂದಿದ್ದ. ಅಷ್ಟು ಸಾಕಾಯಿತು. ತಂತಿ ಇಪ್ಪತ್ತಾರು ಇಂಚು, ಅರ್ಧ ಹದಿಮೂರು, ಅದರಲ್ಲಿ ಹನ್ನೆರಡು ಸಮಪಾಲು. ಮುಂಡಪ್ಪನಿಗೆ ಲೋಕದಲ್ಲಿ ಇದಕ್ಕಿಂತ ಇಷ್ಟವಾದ ಕೆಲಸ ಇನ್ನೊಂದಿರಲಿಲ್ಲ. ಒಂದು ಸರಳರೇಖೆಯನ್ನು ಸಮಭಾಗ ಮಾಡುವುದನ್ನು ಕೈವಾರ ಹಿಡಿದು ಹತ್ತೊಂಬತ್ತು ವರ್ಷ ಮಕ್ಕಳಿಗೆ ಕಲಿಸಿದವನು. ಒಂದು ಕೂದಲೆಳೆ ಆಚೀಚೆ ಆದರೂ ಬೆನ್ನಿಗೆ ಸ್ಕೇಲಿನಲ್ಲಿ ಬಾರಿಸಿದವನು.

ಸಮಪಾಲು ಎಂಬ ಮಾತು ಅವನಿಗೆ ಸುಮ್ಮನೆ ಇಷ್ಟವಾದದ್ದಲ್ಲ. ಅಳದಂಗಡಿಯ ತಾಯಿಮನೆಯಲ್ಲಿ ಪಾಲು ಆದ ವರ್ಷ ಅವನು ಮೇಷ್ಟ್ರ ಟ್ರೈನಿಂಗಿನಲ್ಲಿದ್ದ. ಸರ್ವೆಯವನು ಸರಪಳಿ ಎಳೆದು ಅಳೆದ, ಸೋದರಮಾವ ಎಲ್ಲರೆದುರು ಪಟ್ಟಿ ಓದಿದ. ಎಲ್ಲರಿಗೂ ಒಂದೇ ಅಳತೆ, ಒಂದು ಗೇಣು ಹೆಚ್ಚಿಲ್ಲ ಕಡಿಮೆ ಇಲ್ಲ. ಮುಂಡಪ್ಪನಿಗೆ ಬಂದದ್ದು ಗುಡ್ಡೆಬದಿಯ ಬೆಟ್ಟುಗದ್ದೆ, ಮಳೆಗಾಲದಲ್ಲಿ ಒಂದು ಬೆಳೆ, ಮತ್ತೆಲ್ಲ ದನ ಮಲಗುವುದಕ್ಕೆ. ಚಿಕ್ಕಮ್ಮನ ಮಕ್ಕಳಿಗೆ ಹೋದದ್ದು ತೋಡಿನ ಪಕ್ಕದ ಬೈಲುಗದ್ದೆ, ವರ್ಷಕ್ಕೆ ಮೂರು ಬೆಳೆ. ಅಳತೆ ಸರಿ ಉಂಟಲ್ಲ ಎಂದು ಮಾವ ಕೇಳಿದ. ಸರಿ ಉಂಟು ಎಂದು ಮುಂಡಪ್ಪ ರುಜು ಹಾಕಿದ. ಅಲ್ಲಿಂದ ಮುಂದೆ ಅವನು ಅಳೆಯುವುದನ್ನು ಬೇರೆಯವರ ಕೈಗೆ ಕೊಡಲಿಲ್ಲ. ಗಿಟಾರಿನ ಕತ್ತಿನಲ್ಲಿ ಹನ್ನೆರಡು ಗೆರೆಗಳನ್ನು ಅವನು ಎಳೆದದ್ದು ಜಗತ್ತಿಗೊಂದು ಪಾಠ ಹೇಳುವವನ ಹಾಗೆ. ಎರಡು ಹಳೆಯ ಕೊಡೆಗಳ ಕಡ್ಡಿಗಳನ್ನು ಕತ್ತರಿಸಿ ಮೆಟ್ಟಿಲು ಮಾಡಿದ. ಬಿಳಿ ಮನೆಗೆ ಎಲುಬಿನ ಚುಕ್ಕೆ, ಕಪ್ಪು ಮನೆಗೆ ತೆಂಗಿನ ಗೆರಟೆಯ ಚುಕ್ಕೆ ಕೂರಿಸಿದ. ನೋಡಿದವರು ಬೆರಳಿನಲ್ಲಿ ಸವರಿ ನೋಡುವಷ್ಟು ಚೆಂದ ಕಾಣಿಸುತ್ತಿತ್ತು.

ಪದ್ಮಯ್ಯ ತಿದಿ ಒತ್ತಿ ಒಂದೊಂದೇ ಸ್ವರ ಹಿಡಿದ, ಮುಂಡಪ್ಪ ಬಿರಡೆ ತಿರುಗಿಸಿದ. ಬಿಟ್ಟ ತಂತಿಗಳು ಆರೂ ಹಾರ್ಮೋನಿಯಮ್ಮಿಗೆ ಕೂಡಿದವು. ಈಗ ಒತ್ತು ಎಂದ ಪದ್ಮಯ್ಯ. ಮುಂಡಪ್ಪ ಮೊದಲನೆಯ ಮನೆ ಒತ್ತಿದ. ಪದ್ಮಯ್ಯ ಕಿವಿಯೊಳಗೆ ಬೆರಳು ಹಾಕಿ ತುರಿಸಿಕೊಂಡ. ಎರಡನೆಯದು. ಮೂರನೆಯದು. ಐದನೆಯದಕ್ಕೆ ಬಂದಾಗ ಪದ್ಮಯ್ಯ ತಿದಿ ಒತ್ತುವುದನ್ನೇ ಬಿಟ್ಟ. ಹಾರ್ಮೋನಿಯಂ ಉಸಿರು ಬಿಟ್ಟು ಸುಮ್ಮನಾಯಿತು. ಮುಂಡಪ್ಪ ತನ್ನ ಬೆರಳು ಸರಿಯಾಗಿ ಕೂತಿಲ್ಲವೆಂದು ಮತ್ತೆ ಒತ್ತಿದ, ಇನ್ನೂ ಗಟ್ಟಿಯಾಗಿ ಒತ್ತಿದ, ಬೆರಳ ತುದಿಯಲ್ಲಿ ಕೊಡೆಕಡ್ಡಿಯ ಗುರುತು ಬಿತ್ತು.

"ಮಧ್ಯಮ ಒತ್ತಿದರೆ ಗಾಂಧಾರ ಬರ್ತದೆ," ಎಂದ ಪದ್ಮಯ್ಯ, ಮನೆಯಲ್ಲಿ ಸಾವಾದದ್ದನ್ನು ತಿಳಿಸುವ ದನಿಯಲ್ಲಿ. "ಪಂಚಮ ಒತ್ತಿದರೆ ಪ್ರತಿಮಧ್ಯಮ. ಇವರೆಲ್ಲ ಒಂದೊಂದು ಮನೆ ಬಿಟ್ಟು ಪಕ್ಕದ ಮನೆಯಲ್ಲಿ ಮಲಗಿದ್ದಾರೆ ಮಾರಾಯ."

ಹನ್ನೆರಡನೆಯದು ಮಾತ್ರ ಸರಿ ಇತ್ತು. ಎರಡು ತುದಿ ಸರಿ, ನಡುವಿನದ್ದೆಲ್ಲ ಹಾಳು. ನೀನೇ ಹೇಳಿದ್ದಲ್ಲವೋ, ಸಮಾನ ಅಂತರ ಅಂತ, ಎಂದು ಮುಂಡಪ್ಪ ಕೇಳಿದ. ಅದು ಕಿವಿಗೆ ಸಮಾನ ಮಾರಾಯ, ಇಂಚಿಗೆ ಅಲ್ಲ ಎಂದು ಪದ್ಮಯ್ಯ ಗೋಗರೆದ. ತಂತಿ ಗಿಡ್ಡ ಆದಷ್ಟು ಮನೆಯೂ ಗಿಡ್ಡ ಆಗಬೇಕು. ವೀಣೆಯಲ್ಲಿ ನೋಡಿಲ್ಲವಾ, ಕೆಳಗೆ ಹೋದ ಹಾಗೆ ಮೆಟ್ಟಿಲು ಒತ್ತೊತ್ತಾಗ್ತದೆ. ಮುಂಡಪ್ಪ ವೀಣೆ ನೋಡಿದ್ದು ಕ್ಯಾಲೆಂಡರಿನಲ್ಲಿ, ಸರಸ್ವತಿಯ ತೊಡೆಯ ಮೇಲೆ. ಆಗ ಅವನು ಮೆಟ್ಟಿಲು ನೋಡಿರಲಿಲ್ಲ. ಪದ್ಮಯ್ಯ ಬೇರೇನೂ ತೋಚದೆ ಗಿಟಾರಿನ ಬಾಯಿಯಿಂದ ಒಳಗೆ ಇಣುಕಿದ. ಬಹಳ ಹೊತ್ತು ಇಣುಕಿದ. ನಾಲ್ಕು ಗೆರೆ ಕಂಡಿತೆಂದು ಅವನ ಬೆನ್ನೇ ಹೇಳುತ್ತಿತ್ತು. ತಲೆ ಎತ್ತಿದವನು ಆ ವಿಷಯ ಎತ್ತಲಿಲ್ಲ, ಹಾರ್ಮೋನಿಯಂ ಮುಚ್ಚಿ ಸೈಕಲ್ಲಿಗೆ ಕಟ್ಟಿದ. ಹೋಗುವಾಗ, ಗೆದ್ದಲಿಗೆ ಸೀಮೆಎಣ್ಣೆ ಒಳ್ಳೆಯದು ಎಂದಷ್ಟೇ ಹೇಳಿದ.

ಮುಂಡಪ್ಪ ಹಾಗೆಯೇ ಕೂತ. ಗೇಣು ಸಮ ಮಾಡಿದರೆ ಪಾಲು ಸಮವಾಗುವುದಿಲ್ಲವೆಂದು ಈ ಜಿಲ್ಲೆಯಲ್ಲಿ ತನಗಿಂತ ಚೆನ್ನಾಗಿ ತಿಳಿದವರು ಯಾರಿದ್ದರು? ಇಪ್ಪತ್ತು ವರ್ಷ ಸೋದರಮಾವನನ್ನು ಮನಸ್ಸಿನಲ್ಲೇ ಬೈದು, ಕೊನೆಗೆ ಆ ಮಾವನ ಸರಪಳಿಯನ್ನೇ ಹಿಡಿದು, ಬೈಲು ಬೆಟ್ಟು ನೋಡದೆ, ಪಾಪದ ಏಳು ಸ್ವರಗಳಿಗೆ ಅದೇ ಅನ್ಯಾಯ ಮಾಡಿದ್ದ. ನಗು ಬಂತು. ನಗುತ್ತಲೇ ಮತ್ತೆ ಚೆಂಬು ಕೈಗೆತ್ತಿಕೊಂಡ. ಗಂಟೆ ಹತ್ತೂವರೆ. ತಂತಿಯೊಂದನ್ನು ತುಂಡು ಮಾಡಿ, ಈಗಷ್ಟೇ ತುಂಡಾಯಿತು ಎನ್ನಬಹುದು. ಕಾಲು ಜಾರಿ ಅದರ ಮೇಲೆ ಬಿದ್ದೆ ಎನ್ನಬಹುದು. ಗೆದ್ದಲು ಎಂದು ಒಮ್ಮೆ ಹೇಳಿದವನಿಗೆ ಎರಡನೆಯ ಸಲ ಹೇಳುವುದು ಸುಲಭ. ಗುಡ್ಡೆಯ ಕಡೆಗೆ ಮೂರನೆಯ ಸಲ ಹೋಗಿ ಬರುವಾಗ ಅವನು, ಭೋಜನ ಬಸ್ಸು ಗುರುಪುರದ ಸೇತುವೆಯಲ್ಲಿ ಕೆಟ್ಟು ನಿಲ್ಲಲಿ ಎಂದು ಹಾರೈಸಿದ. ಯಾರಿಗೂ ಏನೂ ಆಗದೆ, ಬರೀ ಟಯರು ಹೋಗಿ.

ಬಸ್ಸು ಐದು ನಿಮಿಷ ಮುಂಚೆಯೇ ಬಂತು. ಭೋಜ ಬಿಳಿ ಪ್ಯಾಂಟು, ಸೆಂಟು, ಕೈಯಲ್ಲಿ ಹೋಲ್ಡಾಲು. ತಾಯಿಯ ಕಾಲು ಮುಟ್ಟಿ, ತಂಗಿಯ ಕೈಗೆ ಸೀರೆಯ ಪೊಟ್ಟಣ ಕೊಟ್ಟು, ಚಾವಡಿಯಲ್ಲಿ ಕೂತು ಬೆಲ್ಲ ನೀರು ಕುಡಿಯುವುದಕ್ಕೂ ಮೊದಲೇ, ಎಲ್ಲಿ ಭಾವ ನಿಮ್ಮ ಗಿಟಾರು ಎಂದು ಕೇಳಿದ. ಮುಂಡಪ್ಪ ಸುಳ್ಳಿಗೆ ಬಾಯಿ ತೆರೆಯುವಷ್ಟರಲ್ಲಿ ನೀಲಾವತಿ ಎದ್ದು ಹೋಗಿ ಅದನ್ನು ತಂದೇಬಿಟ್ಟಳು, ಹರಿವಾಣ ತರುವ ಹಾಗೆ ಎರಡು ಕೈಯಲ್ಲಿ. ಭೋಜ ಅದನ್ನು ತಿರುಗಿಸಿ ನೋಡಿದ. ಬೆನ್ನು ಸವರಿದ. ಪಾಲಿಶಿನಲ್ಲಿ ಅವನ ಮುಖ ಕಾಣಿಸಿತು. ಆಮೇಲೆ ಕಾಲ ಮೇಲೆ ಕಾಲು ಹಾಕಿ ಬಾರಿಸಿದ.

ಮುಂಡಪ್ಪ ಭೋಜನ ಮುಖವನ್ನೇ ನೋಡುತ್ತಿದ್ದ. ಈಗ ಹುಬ್ಬು ಗಂಟಿಕ್ಕುತ್ತದೆ, ಈಗ ತುಟಿ ಸೊಟ್ಟಗಾಗುತ್ತದೆ. ಭೋಜನಿಗೆ ಬರುತ್ತಿದ್ದದ್ದು ತಂತಿಗಳ ಮೇಲೆ ಬೆರಳು ಕೂರಿಸುವ ಮೂರೇ ಪಟ್ಟು. ಬೆರಳುಗಳನ್ನು ಅಲ್ಲಿಂದಿಲ್ಲಿಗೆ ಹಾರಿಸುತ್ತ, ಸಿನಿಮಾ ಹಾಡೊಂದನ್ನು ಗಂಟಲೆತ್ತಿ ಹೇಳುತ್ತ ತಂತಿಗಳನ್ನು ಚಚ್ಚಿದ. ಮಧ್ಯಮ ಇರಬೇಕಾದಲ್ಲಿ ಗಾಂಧಾರ ಅರಚಿತು, ಪಂಚಮದ ಜಾಗದಲ್ಲಿ ಯಾರೋ ಕಾಲು ಮುರಿದುಕೊಂಡವರು ನರಳಿದರು. ಹಟ್ಟಿಯಿಂದ ಎಮ್ಮೆ ಕೂಗಿತು. ಭೋಜನ ಮುಖ ಮಾತ್ರ ಹಬ್ಬದ ದಿನದ ಮುಖ. ಕಣ್ಣು ಮುಚ್ಚಿಕೊಂಡಿದ್ದ. ಮುಂಡಪ್ಪನಿಗೆ ನಿಧಾನವಾಗಿ ಅರ್ಥವಾಯಿತು: ಈ ಮನುಷ್ಯನಿಗೆ ಕಿವಿಯೇ ಇಲ್ಲ. ಕನ್ನಡಕ ಸಿಕ್ಕಿಸಲು ಎರಡು ಇವೆ, ಅಷ್ಟೆ.

"ಏನು ಹೇಳುವುದು ಭಾವ," ಎಂದ ಭೋಜ ಹಾಡು ಮುಗಿಸಿ. "ಬೊಂಬಾಯಲ್ಲಿ ಇಂಥದ್ದು ನೋಡ್ಲಿಲ್ಲ. ಅವತ್ತು ಮದುವೆಯಲ್ಲಿ ತಂದದ್ದು ನನ್ನದಲ್ಲ, ಗೋವಾದವ ಒಬ್ಬನದ್ದು, ಒಂದು ಗೀರು ಬಿದ್ದರೂ ಕೊಲ್ತೇನೆ ಅಂತ ಹೇಳಿ ಕೊಟ್ಟದ್ದು. ಅದಕ್ಕೆ ನಿಮ್ಮನ್ನು ಮುಟ್ಟಲಿಕ್ಕೆ ಬಿಡಲಿಲ್ಲ. ಬೇಸರ ಮಾಡಿದ್ರಾ?"

ಹನ್ನೊಂದು ತಿಂಗಳು ಸಾಕಿದ ಹಗೆ ಒಂದು ಮಾತಿಗೆ ಗಾಳಿ ಹೋಗಿ ಕೂತಿತು. ಇಲ್ಲ, ಬೇಸರ ಏನು ಎಂದ ಮುಂಡಪ್ಪ. ಊಟಕ್ಕೆ ಕೂತಾಗ ನೀಲಾವತಿ ಕಾಣೆ ಮೀನಿನ ನಡುವಿನ ತುಂಡನ್ನು ಮಗನಿಗೆ ಬಡಿಸದೆ ಅಳಿಯನ ಎಲೆಗೆ ಹಾಕಿದಳು. ಹದಿನಾಲ್ಕು ವರ್ಷದಲ್ಲಿ ಅವನಿಗೆ ಬಂದದ್ದು ಯಾವಾಗಲೂ ತಲೆ ಅಥವಾ ಬಾಲ. ನಾಳಿದ್ದು ವಾಪಸು ಹೋಗುವಾಗ ತಕೊಂಡು ಹೋಗ್ತೇನೆ ಎಂದ ಭೋಜ ಅನ್ನ ಕಲಸುತ್ತ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ತೂಗಿಸ್ತೇನೆ, ದೊಡ್ಡ ದೊಡ್ಡ ಬಾರಿಸುವವರು ಚಾ ಕುಡಿಯಲಿಕ್ಕೆ ಬರ್ತಾರೆ, ಅವರಿಂದ ಬಾರಿಸಿಸ್ತೇನೆ, ನಮ್ಮ ಭಾವ ಮಾಡಿದ್ದು ಅಂತ ಹೇಳ್ತೇನೆ. ಮುಂಡಪ್ಪ ಮೀನನ್ನು ನೋಡಿದ. ಬಾಯಿ ಮುಚ್ಚಿ ತಿಂದುಬಿಟ್ಟರೆ ಆಯಿತು. ಈ ತುಂಡು ಇನ್ನು ಮೇಲೆ ದಿನಾ ಅವನದ್ದೇ. ಈ ಮನೆಯಲ್ಲಿ ನೆಂಟತನ ಮುಗಿಯಿತು. ಬೊಂಬಾಯಿಯಲ್ಲಿ ಕಿವಿ ಇರುವ ಯಾರೋ ನಕ್ಕರೆ ಅದು ಮೂಡಬಿದ್ರೆಗೆ ಕೇಳುವುದಿಲ್ಲ. ಅವನಿಗೆ ಬೇಕಾದದ್ದೆಲ್ಲ ಎಲೆಯ ಮೇಲೆ ಬಂದು ಬಿದ್ದಿತ್ತು. ತುಂಡನ್ನು ಮಾತ್ರ ಅವನು ಎಲೆಯ ಅಂಚಿಗೆ ಸರಿಸಿದ. ಕತ್ತಲ ಡಬ್ಬಿಯೊಳಗಿಂದ ಎದ್ದು ಪಕ್ಕೆಲುಬಿಗೆ ತಾಗಿದ ಆ ಮೊದಲ ಸದ್ದಿಗೆ ತಾನು ಮೋಸ ಮಾಡುತ್ತಿದ್ದೇನೆ ಎಂದು ಅವನಿಗೆ ನೇರವಾಗಿ ಅನಿಸಿತು.

"ಅದು ಸರಿ ಇಲ್ಲ ಭಾವ," ಎಂದ.

ಭೋಜ ನಕ್ಕ. ಮುಂಡಪ್ಪ ವಿವರಿಸಿದ: ಮೆಟ್ಟಿಲು ಕೂರಿಸಿದ್ದು ತಪ್ಪು, ಸಮಪಾಲು ಮಾಡಬಾರದಿತ್ತು, ಒಂದು ಸ್ವರ ಒತ್ತಿದರೆ ಇನ್ನೊಂದು ಬರುತ್ತದೆ. ಕೆಲಸ ಬಲ್ಲವರು ಯಾವಾಗಲೂ ಹೀಗೆಯೇ ಹೇಳುವುದು ಎಂದ ಭೋಜ. ಅಲ್ಲ ಭಾವ, ನಿಜವಾಗಿ ತಪ್ಪು. ಇಷ್ಟು ವಿನಯ ಒಳ್ಳೆಯದಲ್ಲ. ವಿನಯ ಅಲ್ಲ, ಅದು ಹಾಳಾಗಿದೆ. ನೀಲಾವತಿ ಇನ್ನೊಂದು ತುಂಡು ಹಾಕುತ್ತ, ಅವರು ತಮ್ಮ ಕೆಲಸವನ್ನು ತಾವು ಹೊಗಳಿಕೊಂಡವರೇ ಅಲ್ಲ ಎಂದು ಮಗನಿಗೆ ಹೇಳಿದಳು. ಮುಂಡಪ್ಪ ತನ್ನ ಜೀವನದಲ್ಲಿ ಹೇಳಿದ ಸುಳ್ಳುಗಳನ್ನೆಲ್ಲ ಜನ ಕಣ್ಣು ಮುಚ್ಚಿ ನಂಬಿದ್ದರು. ಒಂದು ನಿಜ ಹೇಳಿದರೆ 'ಪಾಪ, ಎಂಥ ಸಾಧು' ಎನ್ನುತ್ತಿದ್ದರು.

ಅವನು ಅರ್ಧ ಊಟಕ್ಕೇ ಎದ್ದ. ಕೈ ತೊಳೆದ. ಭತ್ತದ ಕೋಣೆಗೆ ಹೋಗಿ ಇಕ್ಕುಳ ತಂದ. ಚಾವಡಿಯಲ್ಲಿ ಗೋಡೆಗೆ ಒರಗಿಸಿದ್ದ ಗಿಟಾರನ್ನು ಎತ್ತಿ ನೆಲದ ಮೇಲೆ ಮಲಗಿಸಿ, ತಂತಿಗಳನ್ನು ಸಡಿಲಿಸಿ ಪಕ್ಕಕ್ಕೆ ತಳ್ಳಿ, ಮೊದಲನೆಯ ಮೆಟ್ಟಿಲನ್ನು ಇಕ್ಕುಳದಲ್ಲಿ ಹಿಡಿದು ಎಳೆದ. ಹಲ್ಲು ಕಿತ್ತ ಹಾಗೆ ಸದ್ದಾಯಿತು. ಮರದ ಒಂದು ಸಿಬಿರು, ಜೇನು ಬಣ್ಣದ್ದು, ಅದರ ಜೊತೆ ಎದ್ದು ಬಂತು. ಭೋಜ ಎಂಜಲು ಕೈಯಲ್ಲೇ ಓಡಿ ಬಂದ. ನೀಲಾವತಿ ಬಾಗಿಲ ದಾರಂದ ಹಿಡಿದು ನಿಂತು, ಸ್ಪಿರಿಟ್ಟಿನ ವಿಷಯ ಊರವರು ಹೇಳಿದ್ದು ಸುಳ್ಳಲ್ಲ ಎಂದಳು. ಮೀನಿನ ತುಂಡು ಇನ್ನು ಸಿಗುವುದಿಲ್ಲವೆಂದು ಮುಂಡಪ್ಪನಿಗೆ ಗೊತ್ತಾಯಿತು. ಎರಡನೆಯದನ್ನು ಹಿಡಿದ. ಭೋಜ ಅಡುಗೆಮನೆಯ ಕಡೆ ತಿರುಗಿ, ಶಶೀ, ಬಾ ಮಾರಾಯ್ತಿ, ನಿನ್ನ ಗಂಡನಿಗೆ ತಲೆ ಸರಿ ಉಂಟಾ ನೋಡು ಎಂದು ಕರೆದ.

ಶಶಿಪ್ರಭಾ ಸೆರಗಿಗೆ ಕೈ ಒರೆಸುತ್ತ ಬಂದಳು. ಗಂಡ ನೆಲದ ಮೇಲೆ, ಅಣ್ಣ ಅವನ ಬೆನ್ನ ಹಿಂದೆ, ತಾಯಿ ದಾರಂದದಲ್ಲಿ. ಮೂವರೂ ಅವಳನ್ನೇ ನೋಡಿದರು. ಮುಂಡಪ್ಪನಿಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ, ಪಾದ ನೋಡಿದ. ಪಾದ ಹತ್ತಿರ ಬಂತು.

"ಏಳನೆಯದ್ದು ಮೊದಲು ತೆಗೆಯಿರಿ," ಎಂದಳು. "ಎಲ್ಲಕ್ಕಿಂತ ಹೆಚ್ಚು ಅಳುವುದು ಅದು."

ಮುಂಡಪ್ಪ ತಲೆ ಎತ್ತಿದ. ಏಳನೆಯದು ಪಂಚಮ, ಪದ್ಮಯ್ಯನಂಥ ಪದ್ಮಯ್ಯ ಹಾರ್ಮೋನಿಯಂ ಇಟ್ಟುಕೊಂಡು ಹೇಳಿದ್ದನ್ನು ಇವಳು ಒಲೆಯ ಮುಂದೆ ಕೂತು ಕೇಳಿಯೇ ಹೇಳುತ್ತಿದ್ದಾಳೆ.

"ನಿನಗೆ ಗೊತ್ತಿತ್ತಾ?"

"ಬೆಳಿಗ್ಗೆ ಅವರು ಒಂದೊಂದೇ ಒತ್ತಿಸಿದ್ರಲ್ಲ, ಆಗಲೇ. ಅಣ್ಣ ಬಾರಿಸುವಾಗ ನಾನು ತೊಳೆದ ಅಕ್ಕಿಯನ್ನೇ ಮತ್ತೆ ಮತ್ತೆ ತೊಳೆದೆ, ಸದ್ದು ಕೇಳದಿರಲಿ ಅಂತ."

"ಮತ್ತೆ ಹೇಳಲಿಲ್ಲ ಯಾಕೆ?"

"ನೀವು ಕೇಳಲಿಲ್ಲ," ಎಂದಳು.

ಕೋಪ ಮಾಡಿಕೊಂಡು ಹೇಳಿದ್ದಲ್ಲ. ಅಕ್ಕಿ ಮುಗಿದಿದೆ ಎನ್ನುವ ಹಾಗೆ ಹೇಳಿದಳು. ಅದಕ್ಕೇ ಮುಂಡಪ್ಪನಿಗೆ ತಾಗಿತು. ಹನ್ನೊಂದು ತಿಂಗಳು ಅವನು ಇಗರ್ಜಿಯ ಬ್ಯಾಂಡಿನವನನ್ನು ಕೇಳಿದ್ದ, ಪದ್ಮಯ್ಯನನ್ನು ಕೇಳಿದ್ದ, ಬಸ್ಸಿನ ಸಮದನನ್ನೂ ಕೇಳಿದ್ದ. ಒಂದೇ ಚಾಪೆಯಲ್ಲಿ ಮಲಗುವವಳ ಮನಸ್ಸಿನಲ್ಲಿ ಏನಿದೆಯೆಂದು ತಾನೇ ಬರೆದುಕೊಂಡು, ತಾನೇ ಓದಿಕೊಂಡು, ಅವಳ ಮೇಲೆ ಮುನಿಸಿಕೊಂಡಿದ್ದ. ಅವಳಿಗೆ ಕಿವಿ ಇದೆಯೆಂಬುದೇ ಹದಿನಾಲ್ಕು ವರ್ಷದಲ್ಲಿ ಇವತ್ತು ಗೊತ್ತಾಯಿತು. ನಾಚಿಕೆ ಎಂದರೆ ಏನೆಂದು ತನಗೆ ಬಹಳ ಚೆನ್ನಾಗಿ ಗೊತ್ತಿದೆಯೆಂದು ಅವನು ತಿಳಿದಿದ್ದ. ಇದು ಬೇರೆ ಥರದ್ದು, ಇದರಲ್ಲಿ ಹೊಟ್ಟೆ ನೋಯಲಿಲ್ಲ.

ಭೋಜ ಏನೋ ಗೊಣಗುತ್ತ ಕೈ ತೊಳೆಯಲು ಹೋದ. ಅವನ ಹಿಂದೆ ನೀಲಾವತಿಯೂ ಹೋದಳು. ಶಶಿಪ್ರಭಾ ಎದುರು ಕೂತು ಗಿಟಾರಿನ ಕತ್ತನ್ನು ಎರಡೂ ಕೈಯಲ್ಲಿ ಅಲುಗದ ಹಾಗೆ ಹಿಡಿದಳು. ಹನ್ನೆರಡೂ ಕಿತ್ತು ಬರಲು ಅರ್ಧ ಗಂಟೆ ಹಿಡಿಯಿತು. ಕತ್ತಿನ ಮೇಲೆ ಉಳಿದದ್ದು ಸಮಪಾಲಿನ ಹನ್ನೆರಡು ಗಾಯ. ಮುಂಡಪ್ಪ ಒಂದು ತಂತಿಯನ್ನು ಮತ್ತೆ ಬಿಗಿದು ಮೀಟಿದ. ಅವಳು ಗಂಟಲು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ ಅದೇ ಷಡ್ಜ ಹಿಡಿದು, ಅಲ್ಲಿಂದ ಪಂಚಮಕ್ಕೆ ಹೋಗಿ ನಿಂತಳು. ಅಲುಗಾಡದೆ ನಿಂತಳು. ಅವನು ಅಡಿಕೋಲನ್ನು ತೆಗೆದುಕೊಳ್ಳಲು ಹೊರಟವನು ಬಿಟ್ಟ. ಪೆನ್ಸಿಲ್ ಹೆರೆಯುವ ಚಾಕುವನ್ನು ತಂತಿಯ ಅಡಿಗೆ ಅಡ್ಡ ಹಿಡಿದು, ಅವಳ ಮುಖ ನೋಡಿದ.

"ಎಲ್ಲಿ ಇಡಲಿ?" ಎಂದು ಕೇಳಿದ.